ಗಾಳಿ ತೆಗೆಯದೆ ಗಾಡಿ ತೆಗೆಯಬೇಡ

ನೋಡಪ್ಪಾ, ಜರ್ಮನಿಗೆ ಹೋದವನು ಹಳೇ ಫೋಕ್ಸ್‌ವ್ಯಾಗನ್ ಟಿ3 ಕ್ಯಾಂಪರ್ ಕೊಂಡಿದ್ದೀಯ. ಈಗ ಅದರ ರೇಡಿಯೇಟರನ್ನು ಮನೆಯಲ್ಲೇ ಬದಲಿಸುತ್ತೇನೆ ಅನ್ನುತ್ತೀಯ. ಸಂತೋಷ, ಧೈರ್ಯವಾಗಿ ಮಾಡು. ಬಿಚ್ಚಿ ಕೂರಿಸುವುದು ಮಹಾ ವಿದ್ಯೆಯಲ್ಲ. ಒಳಗೆ ಸೇರಿಕೊಂಡ ಗಾಳಿಯನ್ನು ಹೊರಗಟ್ಟುವುದೇ ನಿಜವಾದ ಕೆಲಸ.

ಆ ಗಾಡಿಯ ಮೈಕಟ್ಟೇ ಹಾಗೆ. 1979ರಲ್ಲಿ ಬಂದಾಗ ಅದರ ಎಂಜಿನ್ ಗಾಳಿಯಿಂದ ತಣಿಯುತ್ತಿತ್ತು, ರೇಡಿಯೇಟರ್ ಬೇಕಿರಲಿಲ್ಲ. ನೀರಿನಿಂದ ತಣಿಯುವ ಪೆಟ್ರೋಲ್ ಎಂಜಿನ್ 1982ರಲ್ಲಿ ಬಂದರೂ ಅದು ಹಿಂದೆಯೇ ಉಳಿಯಿತು. ರೇಡಿಯೇಟರು ಮಾತ್ರ ಮುಂದಿನ ಜಾಲರಿಯ ಹಿಂದೆ ಕೂತಿತು. ಇವೆರಡರ ನಡುವೆ ಗಾಡಿಯ ಅಡಿಯಲ್ಲಿ ಉದ್ದಕ್ಕೂ ಪೈಪುಗಳು. ಹೀಗಾಗಿ ಸುಮಾರು 17 ಲೀಟರ್ ಕೂಲಂಟ್ ಹಿಡಿಯುತ್ತದೆ. ಅಷ್ಟು ಉದ್ದದ ದಾರಿಯಲ್ಲಿ ಗಾಳಿ ಎಲ್ಲಿ ಬೇಕಾದರೂ ಅಡಗೀತು.

ಎಂಜಿನ್ ಪೂರ್ತಿ ತಣ್ಣಗಾಗದೆ ಮುಚ್ಚಳಕ್ಕೆ ಕೈ ಹಾಕಬೇಡ. ಬ್ಯಾಟರಿ ವೈರು ಬಿಚ್ಚಿಡು. ರೇಡಿಯೇಟರ್ ಬಿಸಿಯಿದ್ದರೆ ಕೀಲಿ ತೆಗೆದ ಮೇಲೂ ಫ್ಯಾನ್ ತಿರುಗೀತು. ಜಾಕಿಯೊಂದನ್ನೇ ನಂಬಿ ಅಡಿಗೆ ನುಸುಳಬೇಡ, ಸ್ಟ್ಯಾಂಡ್ ಕೊಡು. ಸೋರಿದ ಕೂಲಂಟನ್ನು ಅಗಲ ಪಾತ್ರೆಯಲ್ಲಿ ಹಿಡಿ. ಅದು ಸಿಹಿ ವಿಷ, ನಾಯಿ ಬೆಕ್ಕು ನೆಕ್ಕಿದರೆ ಬದುಕುವುದು ಕಷ್ಟ. ಚರಂಡಿಗೂ ಸುರಿಯಬೇಡ.

ಹೊಸ ರೇಡಿಯೇಟರನ್ನು ಕೂರಿಸುವ ಮುನ್ನ ಹಳೆಯದರ ಪಕ್ಕದಲ್ಲಿಟ್ಟು ನೋಡು. ಹೋಸ್ ಬಾಯಿ, ಫ್ಯಾನ್ ಸ್ವಿಚ್ಚಿನ ತೂತು, ಎಲ್ಲ ಹೊಂದಬೇಕು. ಒತ್ತಿದಾಗ ಬಿರುಕು ಕಾಣುವ ಹೋಸ್, ತುಕ್ಕು ಹಿಡಿದ ಕ್ಲಾಂಪ್‌ಗಳನ್ನು ಈಗಲೇ ಬದಲಿಸು. ಫಾಸ್ಫೇಟ್ ಇಲ್ಲದ ಕೂಲಂಟನ್ನೇ ತಾ; ಎಂಜಿನ್ ಹೆಡ್ ಅಲ್ಯುಮಿನಿಯಂ, ಸವೆತಕ್ಕೆ ಬೇಗ ತುತ್ತಾಗುತ್ತದೆ. ನಲ್ಲಿನೀರು ಬೇಡ. ಅರ್ಧ ಡಿಸ್ಟಿಲ್ಡ್ ವಾಟರ್, ಅರ್ಧ ಕೂಲಂಟ್ ಬೆರೆಸಿದರೆ ಅಲ್ಲಿನ ಚಳಿಗೂ ಹೆಪ್ಪುಗಟ್ಟದು.

ಇನ್ನು ಗಾಳಿಯ ವಿಷಯ. ಗಾಡಿಯ ಮೂತಿಯನ್ನು ಚೆನ್ನಾಗಿ ಎತ್ತಿ ನಿಲ್ಲಿಸು. ಗಾಳಿ ಎತ್ತರಕ್ಕೆ ಓಡುವುದರಿಂದ ರೇಡಿಯೇಟರ್ ತಲೆಗೆ ಬಂದು ಸೇರುತ್ತದೆ. ಒಳಗಿನ ಹೀಟರುಗಳನ್ನೂ ಪೂರ್ತಿ ತೆರೆದಿಡು. ರೇಡಿಯೇಟರ್ ಮೇಲ್ತುದಿಯ ಸ್ಕ್ರೂ ಸಡಿಲಿಸಿ, ಎಂಜಿನ್ನನ್ನು ಸುಮಾರು 2000 ಆರ್‌ಪಿಎಂನಲ್ಲಿ ಓಡಿಸುತ್ತ, ಹಿಂದಿನ ಟ್ಯಾಂಕಿಗೆ ಕೂಲಂಟ್ ಸುರಿಯುತ್ತಿರು. ಇದಕ್ಕೆ ಜೊತೆಗೊಬ್ಬರು ಬೇಕು. ಸ್ಕ್ರೂ ಬಳಿ ಮೊದಲು ಬುಸ್ಸೆನ್ನುತ್ತದೆ, ಆಮೇಲೆ ಗುಳ್ಳೆ ಬರುತ್ತದೆ. ಗುಳ್ಳೆ ನಿಂತು ಕೂಲಂಟ್ ಒಂದೇ ಸಮನೆ ಹರಿಯುವ ತನಕ ಮುಚ್ಚಬೇಡ. ನಂತರ ಫ್ಯಾನ್ ತಾನಾಗಿ ತಿರುಗುವವರೆಗೂ ಕಾಯಿ. ತಣಿದ ಮೇಲೆ ಮಟ್ಟ ನೋಡಿ, ಇಳಿದಿದ್ದರೆ ತುಂಬಿಸು.

ಆತುರಗಾರನಿಗೆ ಬುದ್ಧಿ ಮಟ್ಟ ಅಂತಾರೆ. ಮೊದಲ ಕೆಲವು ದಿನ ಮನೆಯ ಸುತ್ತಮುತ್ತಲೇ ಓಡಿಸು. ಹೀಟ್ ಮುಳ್ಳು ಮೇಲೇರಿದರೆ, ಮನೆ ಎದುರಿಗೇ ಕಂಡರೂ ಅಲ್ಲೇ ನಿಲ್ಲಿಸು. ಹೆಡ್ ಹೋದರೆ ಆಗುವ ಖರ್ಚಿನ ಮುಂದೆ ರೇಡಿಯೇಟರ್ ಬೆಲೆ ಏನೇನೂ ಅಲ್ಲ.