ಪ್ರತಿಪಾದಿಸು

'ಹೇಳು' ಎಂಬುದು ಸಾಮಾನ್ಯ ಕ್ರಿಯಾಪದ. 'ಸಾರು' ಎಂಬುದರಲ್ಲಿ ನಾಲ್ಕು ಜನರಿಗೆ ಕೇಳಿಸಬೇಕೆಂಬ ಉದ್ದೇಶವುಂಟು; ಡಂಗುರ ಸಾರುವವನು ಕಾರಣ ಕೊಡಬೇಕಾಗಿಲ್ಲ. 'ಪ್ರತಿಪಾದಿಸು' ಹಾಗಲ್ಲ. ಸಂಸ್ಕೃತದ 'ಪದ್' ಧಾತುವಿಗೆ 'ಪ್ರತಿ' ಉಪಸರ್ಗ ಸೇರಿ ಹುಟ್ಟಿದ ಈ ಪದವು 'ಇಸು' ಪ್ರತ್ಯಯವನ್ನು ಪಡೆದು ಕನ್ನಡದ್ದಾಗಿದೆ. ಒಂದು ಮಾತನ್ನು ಆಧಾರಸಹಿತವಾಗಿ ದೃಢಪಡಿಸುವುದೇ ಇದರ ಅರ್ಥ.

ಭೂಮಿಯು ಸೂರ್ಯನನ್ನು ಸುತ್ತುತ್ತದೆಂದು ಕೋಪರ್ನಿಕಸನು 1543ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಗಣಿತದ ಆಧಾರವನ್ನು ಮುಂದಿಟ್ಟು ಪ್ರತಿಪಾದಿಸಿದನು. ಅದನ್ನು ಸಮರ್ಥಿಸಿದ ಗೆಲಿಲಿಯೋ 1633ರಲ್ಲಿ ಧಾರ್ಮಿಕ ನ್ಯಾಯಮಂಡಲಿಯ ಮುಂದೆ ಮಂಡಿಯೂರಿ ತನ್ನ ಮಾತನ್ನು ಹಿಂತೆಗೆದುಕೊಳ್ಳಬೇಕಾಯಿತು. ಆದರೆ ದೂರದರ್ಶಕದಲ್ಲಿ ಅವನು ಕಂಡಿದ್ದ ಗುರುಗ್ರಹದ ಚಂದ್ರರು ಸುತ್ತುತ್ತಲೇ ಇದ್ದರು.

ಈಚೆಗೆ ಈ ಪದವನ್ನು ಬೇಕಾಬಿಟ್ಟಿಯಾಗಿ ಬಳಸುವವರುಂಟು. 'ನಾಳೆ ಬರುವೆನೆಂದು ಪ್ರತಿಪಾದಿಸಿದನು' ಎಂಬುದು ಅಸಾಧು. ಅಲ್ಲಿ 'ಹೇಳಿದನು' ಎಂದರೆ ಸಾಕು.