ಕಡಲು ದಾಟಿ ಬಂದ ಉಪಾಧ್ಯಾಯಿನಿಯರು

ಕಲಿಸುವವರಿದ್ದರೆ ಬೇವಿನ ಮರದ ನೆಳಲೂ ಶಾಲೆಯಾಗುತ್ತದೆ. ಕಲಿಸುವವರಿಲ್ಲದಿದ್ದರೆ ಕಲ್ಲಿನ ಕಟ್ಟಡವೂ ಬರಿದಾಗಿ ಉಳಿಯುತ್ತದೆ. ಆದುದರಿಂದ ಒಂದು ಊರಿಗೆ ಉಪಾಧ್ಯಾಯರು ಎಲ್ಲಿಂದ ಬರಬೇಕೆಂಬುದು ಸಣ್ಣ ಪ್ರಶ್ನೆಯಲ್ಲ. ಗಡಿನಾಡಿನವರಾದ ನಮಗಂತೂ ಇದು ದಿನನಿತ್ಯದ ಪ್ರಶ್ನೆ. ನಿಲಂಗಾ, ಉದಗೀರ ತಾಲೂಕುಗಳು 1956ರ ವರೆಗೆ ಬೀದರ ಜಿಲ್ಲೆಗೆ ಸೇರಿದ್ದವು. ಆ ಬಳಿಕ ಮುಂಬಯಿ ರಾಜ್ಯಕ್ಕೂ, 1960ರಿಂದ ಮಹಾರಾಷ್ಟ್ರಕ್ಕೂ ಸೇರಿದವು. ಗಡಿಯ ಗೆರೆ ಸರಿಯಿತು, ಮನೆಯ ಮಾತು ಸರಿಯಲಿಲ್ಲ. ಆ ಮಾತಿನಲ್ಲಿ ಮಕ್ಕಳಿಗೆ ಪಾಠ ಹೇಳುವವರು ಬೇಕು. ಇದೇ ಕೊರತೆಯನ್ನು ಬೇರೊಂದು ಬಗೆಯಲ್ಲಿ ಕಂಡ ಒಂದು ಊರಿನ ಕಥೆಯನ್ನು ಇಲ್ಲಿ ವಿದ್ಯಾರ್ಥಿಗಳಿಗೂ ಅವರ ತಂದೆ ತಾಯಿಗಳಿಗೂ ಹೇಳಬಯಸುತ್ತೇವೆ.

ಆ ಊರು ಕಡಲ ತೀರದ ಮಂಗಳೂರು. ಸುಮಾರು ನೂರೈವತ್ತು ವರ್ಷಗಳ ಹಿಂದೆ ಅದು ಮದ್ರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯ ಮುಖ್ಯ ಪಟ್ಟಣವಾಗಿತ್ತು. ಅಂದು ನಮ್ಮ ದೇಶದಲ್ಲಿ ಹೆಣ್ಣುಮಕ್ಕಳ ಶಾಲೆಗಳು ಬಹು ವಿರಳ. ಪುಣೆಯಲ್ಲಿ ಸಾವಿತ್ರೀಬಾಯಿ ಫುಲೆಯವರು 1848ರಲ್ಲಿ ಪಾಠ ಹೇಳತೊಡಗಿದಾಗ ಎಷ್ಟು ನಿಂದೆಯನ್ನು ಸಹಿಸಬೇಕಾಯಿತೆಂಬುದನ್ನು ನಮ್ಮ ಮಕ್ಕಳು ಓದಿ ಬಲ್ಲರು. ಬೆಳೆದ ಹುಡುಗಿಯನ್ನು ಗಂಡಸರು ಕಲಿಸುವ ಶಾಲೆಗೆ ಕಳುಹಿಸಲು ತಂದೆ ತಾಯಿಗಳು ಒಪ್ಪುತ್ತಿರಲಿಲ್ಲ. ಕಲಿಸಬಲ್ಲ ಹೆಂಗಸರು ಬೇಕೆಂದರೆ, ಹೆಂಗಸರು ಮೊದಲು ಕಲಿತಿರಬೇಕಷ್ಟೆ! ಶಾಲೆಯಿಲ್ಲದೆ ಶಿಕ್ಷಕಿಯಿಲ್ಲ, ಶಿಕ್ಷಕಿಯಿಲ್ಲದೆ ಶಾಲೆಯಿಲ್ಲ. ಈ ಗಂಟನ್ನು ಬಿಡಿಸಲು ಯಾರಾದರೂ ಹೊರಗಿನಿಂದ ಬರಬೇಕಾಗಿತ್ತು.

ಹಾಗೆ ಬಂದವರು ಕ್ಯಾಥೋಲಿಕ ಧರ್ಮಭಗಿನಿಯರು. ಇವರು ಮದುವೆಯಾಗುವುದಿಲ್ಲ, ಸ್ವಂತ ಆಸ್ತಿ ಇಟ್ಟುಕೊಳ್ಳುವುದಿಲ್ಲ, ಹಿರಿಯರ ಆಜ್ಞೆಯನ್ನು ಮೀರುವುದಿಲ್ಲ. ಬ್ರಹ್ಮಚರ್ಯ, ಬಡತನ, ವಿಧೇಯತೆ ಎಂಬ ಮೂರು ವ್ರತಗಳನ್ನು ತೊಟ್ಟು ಒಂದು ಕುಟುಂಬದಂತೆ ಕೂಡಿ ಬಾಳುತ್ತಾರೆ. ದುಡಿದು ಬಂದ ಸಂಬಳವು ಕೂಡ ಆ ಕುಟುಂಬಕ್ಕೇ ಸಲ್ಲುತ್ತದೆ. ಇವರಲ್ಲಿ ಕೆಲವರು ಮಠದ ಗೋಡೆಯೊಳಗೇ ಇದ್ದು ಪ್ರಾರ್ಥನೆಯಲ್ಲಿ ಕಾಲ ಕಳೆಯುವರು. ಮತ್ತೆ ಕೆಲವರು ಹೊರಗೆ ಬಂದು ಕಲಿಸುವರು, ರೋಗಿಗಳ ಸೇವೆ ಮಾಡುವರು.

ಮಂಗಳೂರಿನ ಕಥೆಯ ಹಿಂದೆ ಇರುವವರು ಸೋಫಿ ಲೀವ್ಸ್ ಎಂಬ ಇಂಗ್ಲಿಷ್ ಮಹಿಳೆ. ಇವರು 1823ರಲ್ಲಿ ಇಂದು ಇಸ್ತಾಂಬುಲ್ ಎನ್ನಿಸಿಕೊಂಡಿರುವ ನಗರದಲ್ಲಿ, ಒಬ್ಬ ಆಂಗ್ಲಿಕನ್ ಪಾದ್ರಿಯ ಮಗಳಾಗಿ ಹುಟ್ಟಿದರು. ಮುಂದೆ ಕ್ಯಾಥೋಲಿಕರಾಗಿ, ಸಂತ ಜೋಸೆಫರ ಹೆಸರಿನ ಒಂದು ಫ್ರೆಂಚ್ ಭಗಿನೀಸಂಘವನ್ನು ಸೇರಿ, ವೆರೋನಿಕಾ ಎಂಬ ಹೆಸರು ಪಡೆದರು. 1862ರಲ್ಲಿ ಕಲ್ಲಿಕೋಟೆಗೆ ಬಂದು ಅಲ್ಲಿ ಹೆಣ್ಣುಮಕ್ಕಳಿಗೆ ಪಾಠ ಹೇಳಿದರು. ಭಾರತದ ಶಾಲೆಗಳಿಗಾಗಿಯೇ ಭಗಿನಿಯರನ್ನು ಸಿದ್ಧಗೊಳಿಸಬೇಕೆಂಬ ಹಂಬಲ ಅವರಲ್ಲಿ ಬೇರೂರಿತು. ಯುರೋಪಿಗೆ ಮರಳಿ, 1868ರಲ್ಲಿ ಫ್ರಾನ್ಸಿನ ಬಯೋನ್ ಎಂಬ ಊರಿನಲ್ಲಿ ಅಪೋಸ್ತಲಿಕ ಕಾರ್ಮೆಲ್ ಎಂಬ ಹೊಸ ಸಂಘವನ್ನು ಕಟ್ಟಿದರು. ಇಂಡಿಯಾದಲ್ಲಿ ದುಡಿಯುತ್ತಿದ್ದ ಫ್ರೆಂಚ್ ಧರ್ಮಾಧ್ಯಕ್ಷ ಮರೀ ಎಫ್ರೇಮರು ಈ ಕಾರ್ಯಕ್ಕೆ ಒತ್ತಾಸೆಯಾಗಿ ನಿಂತರು.

1870ರ ನವೆಂಬರ್ 19ರಂದು ಆ ಸಂಘದ ಮೂವರು ಭಗಿನಿಯರು ಮಂಗಳೂರಿನಲ್ಲಿ ಇಳಿದರು. ಸುಯೆಜ್ ಕಾಲುವೆಯು ತೆರೆದು ಆಗ ಒಂದು ವರ್ಷವಷ್ಟೇ ಆಗಿತ್ತು. ಕಡಲ ದಾರಿ ಗಿಡ್ಡದಾಗಿದ್ದರೂ ಸುಲಭವಾಗಿರಲಿಲ್ಲ. ಅದೇ ವರ್ಷ ಮಂಗಳೂರಿಗೆಂದು ಹೊರಟ, ಮಠದೊಳಗೇ ಬಾಳುವ ಕಾರ್ಮೆಲ್ ಭಗಿನಿಯರಲ್ಲಿ ಕೆಲವರು ಗುರಿ ಮುಟ್ಟುವ ಮೊದಲೇ ಪ್ರಾಣ ಬಿಟ್ಟರು. ಬಂದ ಮೂವರು ಸೇಂಟ್ ಆನ್ಸ್ ಕಾನ್ವೆಂಟಿನಲ್ಲಿ ಹೆಣ್ಣುಮಕ್ಕಳಿಗೆ ಕಲಿಸುವ ಕೆಲಸ ಹಿಡಿದರು. ತುಳು, ಕೊಂಕಣಿ, ಕನ್ನಡ, ಬ್ಯಾರಿ ಎಂಬ ಹಲವು ನುಡಿಗಳು ಒಂದೇ ಬೀದಿಯಲ್ಲಿ ಕೇಳಿಬರುವ ಊರು ಅದು. ಫ್ರಾನ್ಸಿನಿಂದ ಬಂದವರಿಗೆ ಅವು ಒಂದೂ ತಾಯ್ನುಡಿಯಲ್ಲ.

ಈ ಭಗಿನಿಯರು ತಮ್ಮ ಧರ್ಮದ ಪ್ರೇರಣೆಯಿಂದಲೇ ಬಂದವರೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಪರರ ಧರ್ಮವನ್ನು ಗೌರವಿಸುತ್ತಲೇ ಅವರ ಶ್ರಮದ ಫಲವನ್ನು ತೂಗಿ ನೋಡಬಹುದು. ಹಾಗೆ ತೂಗುವಾಗ ನಮಗೆ ಎಲ್ಲಕ್ಕಿಂತ ಮಹತ್ವದ್ದಾಗಿ ಕಾಣುವುದು, ಅವರು ಬಂದುದಕ್ಕಿಂತ ಮುಂದೆ ನಡೆದ ಸಂಗತಿ. ಬಯೋನ್ನಿನ ತಾಯಿಮನೆಯು ಕೆಲವೇ ವರ್ಷಗಳಲ್ಲಿ ಮುಚ್ಚಿಹೋಯಿತು. ಮಾತೆ ವೆರೋನಿಕಾ ಅವರು ಫ್ರಾನ್ಸಿನ ಪೋ ಎಂಬಲ್ಲಿಯ ಮಠದಲ್ಲಿ ಉಳಿದು 1906ರಲ್ಲಿ ತೀರಿಕೊಂಡರು. ಬೇರು ಒಣಗಿದ ಮೇಲೆ ಕೊಂಬೆಯೂ ಒಣಗಬೇಕಾಗಿತ್ತು. ಒಣಗಲಿಲ್ಲ; ಆಲದ ಬಿಳಲಿನಂತೆ ಅದು ಮಂಗಳೂರಿನ ನೆಲಕ್ಕೇ ಇಳಿದು ಬೇರೂರಿತು. ಏಕೆಂದರೆ ಈ ನಾಡಿನ ಹೆಣ್ಣುಮಕ್ಕಳೇ ಆ ಸಂಘವನ್ನು ಸೇರಿದರು, ಕಲಿತವರೇ ಕಲಿಸುವವರಾದರು. 1921ರಲ್ಲಿ ಮಾತೆ ಅಲೋಶಿಯಾ ಅವರ ಮುಂದಾಳುತನದಲ್ಲಿ ಮಹಿಳೆಯರಿಗಾಗಿ ಸೇಂಟ್ ಆಗ್ನೆಸ್ ಕಾಲೇಜು ತೆರೆಯಿತು. 1943ರಲ್ಲಿ ಸೇಂಟ್ ಆನ್ಸ್ ಸಂಸ್ಥೆಯಲ್ಲಿ ಉಪಾಧ್ಯಾಯರನ್ನು ತರಬೇತುಗೊಳಿಸುವ ಕಾಲೇಜು ಆರಂಭವಾಯಿತು. ಶಿಕ್ಷಕಿಯನ್ನು ಕಡಲಾಚೆಯಿಂದ ಕರೆಸಿಕೊಂಡಿದ್ದ ಊರು ಹೀಗೆ ಶಿಕ್ಷಕಿಯರನ್ನು ತಾನೇ ತಯಾರಿಸುವ ಊರಾಯಿತು.

ಅಷ್ಟಕ್ಕೇ ನಿಲ್ಲಲಿಲ್ಲ. ಅದೇ ಸಂಘದ ಭಗಿನಿಯರು ನಮ್ಮ ದೇಶದಿಂದ ಹೊರಗೆ ಹೋಗಿ ಶ್ರೀಲಂಕೆಯಲ್ಲಿಯೂ ಕುವೈತಿನಲ್ಲಿಯೂ ಪಾಠ ಹೇಳುತ್ತ ಬಂದಿದ್ದಾರೆ. ಒಂದು ಕಾಲಕ್ಕೆ ಬರುವವರನ್ನು ಎದುರುನೋಡುತ್ತಿದ್ದ ದಡದಿಂದ ಹೊರಡುವವರು ಹಡಗನ್ನೇರಿದರು. ಪಡೆದ ವಿದ್ಯೆಯ ಸಾಲವು ತೀರುವ ಬಗೆಯೇ ಇದು: ಕೊಟ್ಟವರಿಗೆ ಅದನ್ನು ಹಿಂದಿರುಗಿಸಲಾಗದು, ಮುಂದಿನವರಿಗೆ ದಾಟಿಸಬೇಕು.

ಈ ಪಾಠದಿಂದ ನಾವು ತಿಳಿಯತಕ್ಕದ್ದೇನು? ಹೊರಗಿನಿಂದ ಬಂದು ಕಲಿಸುವವರು ಅತಿಥಿಗಳು, ಅವರನ್ನು ಆದರಿಸಬೇಕು. ಆದರೆ ಅತಿಥಿಯನ್ನೇ ನೆಚ್ಚಿಕೊಂಡು ಒಲೆ ಹೊತ್ತಿಸದ ಮನೆ ಎಷ್ಟು ದಿನ ನಡೆದೀತು? ಗಡಿಯ ಈಚೆಗೆ ಕನ್ನಡ ಶಾಲೆ ಉಳಿಯಬೇಕಾದರೆ, ಇಲ್ಲಿ ಓದಿದ ಮಗುವೇ ನಾಳೆ ಇಲ್ಲಿಯ ಕರಿಹಲಗೆಯ ಮುಂದೆ ನಿಲ್ಲಬೇಕು. ಅದು ಸರಕಾರದ ಆಜ್ಞೆಯಿಂದಷ್ಟೇ ಆಗುವ ಕೆಲಸವಲ್ಲ. ಮಗಳ ಓದನ್ನು ನಡುವೆ ನಿಲ್ಲಿಸದ ತಂದೆಯಿಂದ, ಹೊಲದ ಕೆಲಸದ ದಿನಗಳಲ್ಲಿಯೂ ಅವಳನ್ನು ಶಾಲೆಗೆ ಕಳುಹಿಸುವ ತಾಯಿಯಿಂದ ಆಗುವ ಕೆಲಸ. ಕನ್ನಡದ ಜತೆಗೆ ಮರಾಠಿಯನ್ನೂ ಚೆನ್ನಾಗಿ ಕಲಿತ ಮಗುವು ಎರಡು ನಾಡುಗಳಿಗೂ ಬೇಕಾದ ಉಪಾಧ್ಯಾಯನಾಗಬಲ್ಲದು. ತೇರಣೆಯು ಮಾಂಜರೆಯನ್ನು ಕೂಡುವ ಈ ಸೀಮೆಯವರಿಗೆ, ಎರಡು ನೀರು ಕೂಡಿದರೆ ಹೊಳೆ ದೊಡ್ಡದಾಗುವುದೆಂದು ಬೇರೆ ಹೇಳಬೇಕಾಗಿಲ್ಲ.

ವಿದ್ಯಾರ್ಥಿಗಳೇ, ಈ ಪಾಠವನ್ನು ಓದಿದ ಮೇಲೆ ಕೆಳಗಿನ ಪ್ರಶ್ನೆಗಳನ್ನು ಮನೆಯವರೊಡನೆ ಕುಳಿತು ವಿಚಾರ ಮಾಡಿರಿ.

1. ಹೆಣ್ಣುಮಕ್ಕಳ ಶಾಲೆಗೆ ಶಿಕ್ಷಕಿಯರೇ ಬೇಕೆಂದು ಅಂದು ಜನರು ಬಯಸಲು ಕಾರಣವೇನು?

2. ಬಯೋನ್ನಿನ ಮನೆ ಮುಚ್ಚಿದರೂ ಮಂಗಳೂರಿನ ಕೆಲಸ ಉಳಿದುದು ಹೇಗೆ?

3. ನಿಮ್ಮ ಮನೆತನದಲ್ಲಿ ಮೊದಲು ಅಕ್ಷರ ಕಲಿತ ಹೆಂಗಸು ಯಾರು? ಆಕೆಗೆ ಕಲಿಸಿದವರು ಯಾರು?

4. ನಿಮ್ಮ ತರಗತಿಯಲ್ಲಿ ಮುಂದೆ ಉಪಾಧ್ಯಾಯರಾಗಲು ಬಯಸುವವರು ಎಷ್ಟು ಮಂದಿ? ಬಯಸದವರು ಏಕೆ ಬಯಸುವುದಿಲ್ಲ?

ಕೊನೆಯ ಪ್ರಶ್ನೆಯ ಉತ್ತರವನ್ನು ಮಕ್ಕಳಷ್ಟೇ ಅಲ್ಲ, ನಾವು ಹಿರಿಯರೂ ಬರೆಯಬೇಕಾಗಿದೆ.