ತಿಥಿ ನೋಡಿ ನೀರಿಗಿಳಿ

2024ರ ಜನವರಿಯಲ್ಲಿ ಎಲ್ಲರ ಬಾಯಲ್ಲೂ ಲಕ್ಷದ್ವೀಪವೇ. ಪ್ರಧಾನಿ ಹೋಗಿ ಬಂದಿದ್ದರು, ಫೋಟೊಗಳು ಮೊಬೈಲಿಂದ ಮೊಬೈಲಿಗೆ ಹಾರಾಡುತ್ತಿದ್ದವು. ಗಣರಾಜ್ಯೋತ್ಸವ ಶುಕ್ರವಾರ ಬಿದ್ದಿತ್ತು. ಹಿಂದೆ ಮುಂದೆ ಒಂದಿಷ್ಟು ರಜೆ ಸೇರಿಸಿಕೊಂಡು ನಾವೂ ಹೋಗಬಾರದೇಕೆ ಎಂಬ ಮಾತು ನಮ್ಮ ಊಟದ ಮೇಜಿಗೂ ಬಂತು. ಆದರೆ ಲಕ್ಷದ್ವೀಪ ಮನಸ್ಸು ಬಂದಾಗ ಎದ್ದು ಹೊರಡುವ ಜಾಗವಲ್ಲ. ನಮ್ಮ ದೇಶದವರಿಗೂ ಅಲ್ಲಿಗೆ ಪರವಾನಗಿ ಬೇಕು, ಅಗತ್ತಿಯ ವಿಮಾನದಲ್ಲಿ ಸೀಟು ಕಡಿಮೆ. ಪೋರ್ಟ್ ಬ್ಲೇರಿಗಾದರೆ ಬೆಂಗಳೂರಿನಿಂದಲೇ ನೇರ ವಿಮಾನ, ಸುಮಾರು ಎರಡೂವರೆ ತಾಸಿನ ಹಾದಿ. ಪಾತ್ರೆ ತೊಳೆಯುವ ಹೊತ್ತಿಗೆ ಅಂಡಮಾನ್ ಎಂದು ತೀರ್ಮಾನವಾಯಿತು. ಮರವಂತೆಯಿಂದ ಬಂದು ನಮ್ಮಲ್ಲೇ ಉಳಿದಿದ್ದ ಅಮ್ಮ ಒಂದೇ ಪ್ರಶ್ನೆ ಕೇಳಿದಳು: "ಅಲ್ಲಿ ಮೀನ್ ಸಿಕ್ಕತ್ತಲ್ದಾ?"

ದಿಢೀರ್ ಪ್ರವಾಸ ಎಂದರೆ ಎಲ್ಲವೂ ನಮ್ಮಿಷ್ಟ ಎಂದುಕೊಳ್ಳುವವರು ದ್ವೀಪಗಳಿಗೆ ಹೋಗಿ ನೋಡಬೇಕು. ಪೋರ್ಟ್ ಬ್ಲೇರ್, ಹ್ಯಾವ್‌ಲಾಕ್, ನೀಲ್ ಮೂರನ್ನೂ ಜೋಡಿಸುವುದು ಫೆರಿ. ಸರ್ಕಾರಿ ಫೆರಿಯ ಟಿಕೆಟ್ ಅಗ್ಗ, ಆದರೆ ಅದು ಮೊದಲಿಗೆ ದ್ವೀಪದ ಜನರ ಬಸ್ಸು. ತರಕಾರಿ ಮೂಟೆ, ಆಸ್ಪತ್ರೆಗೆ ಹೊರಟವರು, ಶಾಲೆಯ ಮೇಷ್ಟ್ರು ಅದರಲ್ಲೇ ಓಡಾಡಬೇಕು. ಖಾಸಗಿಯವು ಬೇಗ ತಲುಪಿಸುತ್ತವೆ, ರಜೆಯ ದಿನಗಳಲ್ಲಿ ಬೇಗ ತುಂಬಿಯೂ ಹೋಗುತ್ತವೆ. ನಮಗೆ ಬೇಕಾದ ದಿನ ಹ್ಯಾವ್‌ಲಾಕಿಗೆ ಐದು ಸೀಟು ಒಟ್ಟಿಗೆ ಇರಲಿಲ್ಲ, ನೀಲ್‌ಗೆ ಇದ್ದವು. ಹಾಗಾಗಿ ಎಲ್ಲರೂ ಸುತ್ತುವ ಕ್ರಮವನ್ನು ತಲೆಕೆಳಗು ಮಾಡಿ ಮೊದಲು ನೀಲ್‌ಗೆ ಹೋದೆವು. ಈಗ ಯಾರಾದರೂ ಕೇಳಿದರೆ ನಾನು ಹೇಳುವುದು ಇಷ್ಟೇ: ವಿಮಾನದ ಟಿಕೆಟಿಗೆ ದುಡ್ಡು ಕಟ್ಟುವ ಮೊದಲು ಫೆರಿಯಲ್ಲಿ ಜಾಗ ಇದೆಯೇ ನೋಡಿ, ಹೋಟೆಲ್ ಕೊನೆಗೆ. ಟಿಕೆಟಿನಲ್ಲಿ ಸ್ವರಾಜ್ ದ್ವೀಪ, ಶಹೀದ್ ದ್ವೀಪ ಎಂದಿದ್ದರೆ ಗಾಬರಿ ಬೇಡ. 2018ರ ಡಿಸೆಂಬರಿನಿಂದ ಹ್ಯಾವ್‌ಲಾಕ್ ಮತ್ತು ನೀಲ್‌ಗಳ ಅಧಿಕೃತ ಹೆಸರು ಅವು. ಜೆಟ್ಟಿಯಲ್ಲಿ ಕೂಗುವುದು ಮಾತ್ರ ಹಳೆಯ ಹೆಸರನ್ನೇ.

ನೀಲ್ ಸೈಕಲ್ಲಿನಲ್ಲೇ ಸುತ್ತಿಬಿಡಬಹುದಾದ ಊರು. ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದವರಿಗೆ ಸರ್ಕಾರ ಇಲ್ಲಿ ಜಮೀನು ಕೊಟ್ಟು ನೆಲೆಗೊಳಿಸಿತು. ಇವತ್ತಿಗೂ ಇಲ್ಲಿಯ ತರಕಾರಿ ಪೋರ್ಟ್ ಬ್ಲೇರಿನ ಸಂತೆಗೆ ಹೋಗುತ್ತದೆ. ಊರುಗಳ ಹೆಸರು ರಾಮನಗರ, ಸೀತಾಪುರ, ಲಕ್ಷ್ಮಣಪುರ, ಭರತಪುರ. ಅಮ್ಮ ಆಟೊದವನಿಗೆ ತನ್ನ ಹರಕು ಹಿಂದಿಯಲ್ಲಿ, ನಿಜವಾಗಿ ಸಮುದ್ರ ದಾಟಿದವನು ಹನುಮಂತ, ಅವನ ಊರು ಎಲ್ಲಿ ಎಂದು ಕೇಳಿದಳು. ಆತ ನಕ್ಕ, ಉತ್ತರ ಕೊಡಲಿಲ್ಲ.

ಆಟೊದವನು ನಮ್ಮನ್ನು ಬೆಳಿಗ್ಗೆಯೇ ಲಕ್ಷ್ಮಣಪುರದ ನೈಸರ್ಗಿಕ ಸೇತುವೆಗೆ ಕರೆದೊಯ್ಯಲು ತಯಾರಿದ್ದ. ಹವಳದ ಸುಣ್ಣಕಲ್ಲನ್ನು ಅಲೆಗಳು ಕೊರೆದು ಉಳಿಸಿದ ಕಮಾನು ಅದು. ಬಂಗಾಳಿಗಳು ಅದಕ್ಕೆ ಹೌರಾ ಬ್ರಿಜ್ ಎನ್ನುತ್ತಾರೆ. ಅಮ್ಮ ಬೆರಳು ಮಡಚಿ ಲೆಕ್ಕ ಹಾಕಿದಳು. "ಇವತ್ತ್ ಬನದ ಹುಣ್ಣಿಮಿ ಅಲ್ದಾ? ನೀರ್ ಸಮಾ ಇಳೀತ್ ಕಾಣ್. ಯಾವಾಗ ಇಳೀತ್ ಕೇಣ್." ಕೇಳಿದಾಗ ಆತ, ನೀರು ಪೂರ್ತಿ ಇಳಿಯುವುದು ಮಧ್ಯಾಹ್ನದ ಮೇಲೆಯೇ, ಬೆಳಿಗ್ಗೆ ಹೋದರೆ ಕಮಾನಿನ ಬುಡ ನೀರಲ್ಲಿರುತ್ತದೆ ಎಂದು ಒಪ್ಪಿಕೊಂಡ. ಮೀನುಗಾರರ ಕೇರಿಯ ಪಕ್ಕ ಬೆಳೆದವಳಿಗೆ ಇದೆಲ್ಲ ಪಾಠ ಹೇಳಿಕೊಡಬೇಕಾದ್ದೇ ಇಲ್ಲ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಸೂರ್ಯ, ಚಂದ್ರ, ಭೂಮಿ ಒಂದೇ ಸಾಲಿಗೆ ಬರುವುದರಿಂದ ಸೆಳೆತ ಕೂಡಿಕೊಂಡು ನೀರು ಹೆಚ್ಚು ಏರುತ್ತದೆ, ಹೆಚ್ಚು ಇಳಿಯುತ್ತದೆ. ಅಷ್ಟಮಿಯ ಆಚೀಚೆ ಏರಿಳಿತ ಸಪ್ಪೆ. ದಿನಕ್ಕೆರಡು ಉಬ್ಬರ, ಎರಡು ಇಳಿತ; ಹೊತ್ತು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಮೊಬೈಲಿನಲ್ಲೂ ಇದರ ಪಟ್ಟಿ ಸಿಗುತ್ತದೆ. ಸಮುದ್ರದಡಿಯ ಕೇಬಲ್ 2020ರಲ್ಲಿ ಚೆನ್ನೈಯಿಂದ ಇಲ್ಲಿಗೆ ಬಂದ ಮೇಲೆ ಇಂಟರ್ನೆಟ್ ಸುಧಾರಿಸಿದೆ. ಆದರೂ ಕೈಯಲ್ಲಿ ನಗದು ಇಟ್ಟುಕೊಂಡಿದ್ದು ಎಳನೀರಿನ ಗಾಡಿಯ ಮುಂದೆ ಉಪಯೋಗಕ್ಕೆ ಬಂತು.

ಮಧ್ಯಾಹ್ನ ಊಟ ಮುಗಿಸಿ ಹೋದಾಗ ಸಮುದ್ರ ಬಹುದೂರ ಹಿಂದೆ ಸರಿದಿತ್ತು. ಬಯಲಾದ ಹವಳದ ಹಾಸಿನ ಗುಂಡಿಗಳಲ್ಲಿ ನೀರು ನಿಂತಿತ್ತು. ಒಂದರಲ್ಲಿ ನೀಲಿ ತುಟಿಯ ದೊಡ್ಡ ಚಿಪ್ಪು, ಮುಟ್ಟುವ ಮೊದಲೇ ಬಾಯಿ ಮುಚ್ಚುವಂಥದ್ದು. ಇನ್ನೊಂದರಲ್ಲಿ ಕಪ್ಪಗೆ, ಸೋಮಾರಿಯಾಗಿ ಬಿದ್ದ ಕಡಲಸೌತೆ. ಸ್ಥಳೀಯ ಹುಡುಗನೊಬ್ಬ ಅಮ್ಮನ ಕೈ ಹಿಡಿದು, ಪಾಚಿ ಇಲ್ಲದ ಕಲ್ಲು ಹುಡುಕಿ ಹುಡುಕಿ ಕಾಲಿಡಿಸಿದ. ಹಿಂಬದಿ ಪಟ್ಟಿ ಇರುವ ಚಪ್ಪಲಿ ಇಲ್ಲಿ ಕಡ್ಡಾಯ ಎಂದೇ ಇಟ್ಟುಕೊಳ್ಳಿ. ಹವಳ ಕೊಯ್ದ ಗಾಯ ಬೇಗ ಮಾಯುವುದಿಲ್ಲ. ಬಿಸಿಲು ಇಳಿಯುವ ಮೊದಲೇ ಆ ಹುಡುಗ ಎಲ್ಲರನ್ನೂ ದಡಕ್ಕೆ ಹೊರಡಿಸಿದ. ನೀರು ತಿರುಗಿ ಏರುವಾಗ ಮೊದಲು ತುಂಬುವುದು ಬಂದ ದಾರಿಯೇ.

ಕತ್ತಲೆಯದ್ದೂ ಒಂದು ಲೆಕ್ಕ. ಅಂಡಮಾನ್ ಬೆಂಗಳೂರಿಗಿಂತ ಸುಮಾರು 15 ಡಿಗ್ರಿ ಪೂರ್ವಕ್ಕಿದೆ, ಗಡಿಯಾರ ಮಾತ್ರ ಒಂದೇ. ಅಂದರೆ ಸೂರ್ಯ ಅಲ್ಲಿ ಒಂದು ತಾಸು ಮೊದಲೇ ಎದ್ದು ಒಂದು ತಾಸು ಮೊದಲೇ ಮಲಗುತ್ತಾನೆ. ಜನವರಿಯಲ್ಲಿ ಐದೂಕಾಲಿನ ಸುಮಾರಿಗೆ ಸೂರ್ಯಾಸ್ತ. ಬೆಳಿಗ್ಗೆ ಒಂಬತ್ತಕ್ಕೆ ಆರಾಮಾಗಿ ಹೊರಡುವ ನಮ್ಮ ಮನೆಯ ಪದ್ಧತಿ ಅಲ್ಲಿ ಅರ್ಧ ದಿನವನ್ನು ನುಂಗುತ್ತದೆ. ನಸುಕಿಗೇ ಎದ್ದು, ಏಳೂವರೆಗೆ ಊಟ ಮಾಡಿ ಮಲಗುವುದನ್ನು ಮಕ್ಕಳು ತಾವಾಗಿಯೇ ಕಲಿತರು. ಬೆಂಗಳೂರಿನಲ್ಲಿ ಇದಕ್ಕೆ ನಾನು ಪಟ್ಟ ಪಾಡು ಬೇರೆಯೇ ಇದೆ, ಬಿಡಿ.

ಹ್ಯಾವ್‌ಲಾಕಿನ ರಾಧಾನಗರ ಕಡಲತೀರದ ಬಗ್ಗೆ ಎಲ್ಲರೂ ಬರೆದಿದ್ದಾರೆ, ಹೊಗಳಿಕೆ ಸುಳ್ಳಲ್ಲ. ನಮ್ಮ ಕರಾವಳಿಯ ಮರಳು ಬಹುಪಾಲು ಹೊಳೆಗಳು ಘಟ್ಟದಿಂದ ಹೊತ್ತು ತಂದದ್ದು, ಇಲ್ಲಿಯದು ಹವಳ, ಚಿಪ್ಪುಗಳ ಪುಡಿ. ಬಿಳುಪಿನ ಗುಟ್ಟು ಅದು. ನನಗೆ ಅಲ್ಲಿ ನೆನಪುಳಿದದ್ದು ಮೊಸಳೆಯ ಎಚ್ಚರಿಕೆ ಫಲಕ. ಉಪ್ಪುನೀರಿನ ಮೊಸಳೆ ಕಾಂಡ್ಲಾ ಕಾಡಿನಿಂದ ಕಡಲಿಗೂ ಇಳಿಯುತ್ತದೆ. 2010ರಲ್ಲಿ ಇದೇ ತೀರದ ಒಂದು ಮೂಲೆಯಲ್ಲಿ ಪ್ರವಾಸಿಯೊಬ್ಬರು ಅದಕ್ಕೆ ಬಲಿಯಾದರು. ಜನ ಕಡಿಮೆ ಇದೆಯೆಂದು ಮೂಲೆಯ ಕಡೆ ಹೆಜ್ಜೆ ಹಾಕಿದ್ದ ನನ್ನ ಗಂಡನನ್ನು ಜೀವರಕ್ಷಕ ಸೀಟಿ ಊದಿ ವಾಪಸ್ ಕರೆದ. ಇವರಿಗೆ ಮುಖ ಕೆಂಪಾಯಿತು, ನನಗೆ ಸಮಾಧಾನವಾಯಿತು.

ಮಗನ ಚಡ್ಡಿಯ ಜೇಬಿನಿಂದ ಪ್ರತಿ ಸಂಜೆ ಹವಳದ ಚೂರು, ಶಂಖ ಹೊರಬರುತ್ತಿದ್ದವು, ಪ್ರತಿ ಸಂಜೆ ವಾಪಸ್ ನೀರಿಗೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಹವಳಕ್ಕೂ ರಕ್ಷಣೆಯಿದೆ, ಸತ್ತ ತುಂಡನ್ನೂ ಒಯ್ಯುವಂತಿಲ್ಲ. ವಿಮಾನ ನಿಲ್ದಾಣದಲ್ಲಿ ಚೀಲ ಬಿಚ್ಚಿಸುತ್ತಾರೆ. ಚೂರುಗಳೇ ಮರಳಾಗುವುದು, ಎಲ್ಲರೂ ಒಂದೊಂದು ಒಯ್ದರೆ ಮರಳು ಎಲ್ಲಿಂದ ಬರಬೇಕು ಎಂದದ್ದು ಅವನಿಗೆ ಕಾಯ್ದೆಗಿಂತ ಬೇಗ ಅರ್ಥವಾಯಿತು.

ಮೂರನೆಯ ದ್ವೀಪವೊಂದನ್ನು ಸೇರಿಸಬೇಕೆಂಬ ಮಗಳ ಹಠಕ್ಕೆ ನಾವು ಮಣಿಯಲಿಲ್ಲ. ಗಾಳಿ ಎದ್ದರೆ ಫೆರಿ ರದ್ದಾಗುತ್ತದೆ, ವಿಮಾನ ಕಾಯುವುದಿಲ್ಲ. ಹೊರಡುವ ಹಿಂದಿನ ದಿನವೇ ಪೋರ್ಟ್ ಬ್ಲೇರಿಗೆ ಮರಳಿಬಿಟ್ಟೆವು. ಉಳಿದ ಹೊತ್ತು ಸೆಲ್ಯುಲರ್ ಜೈಲಿಗೆ ಹೋಯಿತು. 1906ರಲ್ಲಿ ಕಟ್ಟಿ ಮುಗಿಸಿದ ಏಳು ಸಾಲುಗಳಲ್ಲಿ ಈಗ ಉಳಿದಿರುವುದು ಮೂರು. ಒಂದು ಸಾಲಿನ ಬಾಗಿಲುಗಳು ಮುಂದಿನ ಸಾಲಿನ ಬೆನ್ನಿಗೇ ಎದುರು. ಕೈದಿಗೆ ಇನ್ನೊಬ್ಬನ ಮುಖ ಕಾಣಬಾರದೆಂಬ ಲೆಕ್ಕಾಚಾರ. ದ್ವೀಪ ತಪ್ಪಿದ್ದಕ್ಕೆ ಮುಖ ಊದಿಸಿಕೊಂಡಿದ್ದ ಮಗಳು ಅಲ್ಲಿಂದ ಬೇಗ ಹೊರಡಲು ಒಪ್ಪಲೇ ಇಲ್ಲ.

ಈಗ ಮರವಂತೆಗೆ ಹೋಗುವಾಗಲೂ ಅವಳು ಕ್ಯಾಲೆಂಡರಿನಲ್ಲಿ ತಿಥಿ ನೋಡುತ್ತಾಳೆ. ಅಂಡಮಾನಿನಷ್ಟು ನಿಮ್ಮ ಸಮುದ್ರ ಇಳಿಯುವುದೇ ಇಲ್ಲ ಅಜ್ಜಿ, ಎಂದು ಛೇಡಿಸುತ್ತಾಳೆ. ಮಳೆಗಾಲದಲ್ಲಿ ಬಂದು ನೋಡು, ಏರುವುದು ಹೇಗೆಂದು ತೋರಿಸುತ್ತೇನೆ ಎಂದು ಅಮ್ಮನ ಉತ್ತರ.